ಲವಿನವ್ವನನ್ನು ಕೊಂದ ಸಂಪಾದಕರಿಗೆ

ಲಂಡನ್ನಿನ ಮಾಸಪತ್ರಿಕೆಯೊಂದರ ದಿವಂಗತ ಸಂಪಾದಕರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ವಿಕ್ಟೋರಿಯಾ ರಾಣಿಯವರ ಕಾಲದಲ್ಲೇ ತಾವು ತೀರಿಕೊಂಡಿದ್ದರೂ ಅಲ್ಲಿ ಕ್ಷೇಮವಾಗಿದ್ದೀರಿ, ಅಲ್ಲಿಯೂ ಯಾರದಾದರೂ ಹಸ್ತಪ್ರತಿಗೆ ಕತ್ತರಿ ಹಾಕುತ್ತ ಕಾಲ ಕಳೆಯುತ್ತಿದ್ದೀರಿ ಎಂದು ನಂಬಿ, ಬನಹಟ್ಟಿಯ ನೇಕಾರರ ಓಣಿಯ ನೀಲಕಂಠನಾದ ನಾನು ಕೈಮುಗಿದು ಬರೆದುಕೊಳ್ಳುವ ದೂರು ಇದು. ತಮ್ಮ ಈಗಿನ ವಿಳಾಸ ಮೇಲಿನದೋ ಕೆಳಗಿನದೋ ಗೊತ್ತಿಲ್ಲದ ಕಾರಣ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ತಾವು ತಮ್ಮ ಪತ್ರಿಕೆಯಲ್ಲಿ ಕಂತುಕಂತಾಗಿ ಅಚ್ಚು ಹಾಕಿದ ಆ ಪ್ರಖ್ಯಾತ ಕಾದಂಬರಿಯ ಹಳೆಯ ಕನ್ನಡ ಅನುವಾದ ನಮ್ಮ ಮನೆಯಲ್ಲಿ ಬಹಳ ವರ್ಷಗಳಿಂದ ಇದೆ. ನಮ್ಮಲ್ಲಿ ಓದಿಗೆ ಒಂದು ಪದ್ಧತಿಯುಂಟು. ಪವರ್‌ಲೂಮು ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಕರೆಂಟು ಹೋದರೆ ಓಣಿಯೆಲ್ಲ ತಣ್ಣಗಾಗುತ್ತದೆ. ಆಗ ಅಕ್ಕಪಕ್ಕದವರು ನಮ್ಮ ಕಟ್ಟೆಗೆ ಬಂದು ಕೂಡುತ್ತಾರೆ, ನಾನು ಗಟ್ಟಿಯಾಗಿ ಓದುತ್ತೇನೆ, ಕರೆಂಟು ಬಂದೊಡನೆ ವಾಕ್ಯದ ನಡುವೆಯೇ ಎದ್ದು ಹೋಗುತ್ತಾರೆ. ನಾನು ಕಾಲೇಜು ಬಿಟ್ಟು ಮಗ್ಗಕ್ಕೆ ನಿಂತ ಹೊಸದರಲ್ಲಿ ಹೀಗೆ ಓದಿದ ಕಥೆ ಅದು. ನಾಯಕಿ ಲವಿನಿಯಾ, ನಮ್ಮ ಓಣಿಯ ಬಾಯಲ್ಲಿ ಲವಿನವ್ವ, ಹೊಡೆಯುವ ಗಂಡನನ್ನು ಬಿಟ್ಟು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಬೀಳುತ್ತಾಳೆ. ಮುಂದೇನು ಎಂದು ಎಲ್ಲರೂ ಬಾಯಿ ತೆರೆದು ಕೂತಿರುವಾಗ ತಮ್ಮ ಅಮೃತವಾಕ್ಯ ಬಂತು: ‘ಆ ಚಳಿಗಾಲದಲ್ಲಿ ಅವಳು ಜ್ವರದಿಂದ ತೀರಿಕೊಂಡಳು.’ ಪುಸ್ತಕ ಮುಗಿಯಿತು.

ಎಂಥ ಮಿತವ್ಯಯ, ಮಾನ್ಯರೇ. ವೈದ್ಯರಿಲ್ಲ, ಔಷಧವಿಲ್ಲ, ಕೂಸು ಎಲ್ಲಿ ಹೋಯಿತೆಂಬ ಸುದ್ದಿಯಿಲ್ಲ, ಹೆಣ ಎತ್ತುವುದಂತೂ ಇಲ್ಲವೇ ಇಲ್ಲ. ಇದರಿಂದ ನಮಗೆ ಪೇಚಾಯಿತು. ನಮ್ಮ ಓಣಿಯಲ್ಲಿ ಯಾರಾದರೂ ಸತ್ತರೆ ಹೆಣ ಓಣಿ ದಾಟುವವರೆಗೆ ಮಗ್ಗ ಓಡಿಸುವುದಿಲ್ಲ. ಲವಿನವ್ವ ಅಷ್ಟು ದಿನ ನಮ್ಮ ಕಟ್ಟೆಯ ಮೇಲೇ ಬದುಕಿದ್ದವಳು, ಮಗ್ಗ ನಿಲ್ಲಲೇಬೇಕು ಎಂದು ನನ್ನ ಅಕ್ಕ ಅನಸವ್ವ ಹಟ ಹಿಡಿದಳು. ಕರೆಂಟು ಬಂದರೂ ಓಣಿ ಸುಮ್ಮನಿತ್ತು. ಆದರೆ ತಾವು ಹೆಣವನ್ನೇ ಎತ್ತದೆ ಕಥೆ ಮುಗಿಸಿದ್ದರಿಂದ ಮತ್ತೆ ಯಾವಾಗ ಶುರು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಓಣಿಯ ಹಿರಿಯ ಜಕ್ಕಪ್ಪ, ಮಣ್ಣು ಆದಂತೆಯೇ ತಿಳಿಯಿರಿ ಎಂದು ಅಪ್ಪಣೆ ಕೊಟ್ಟ ಮೇಲೆ ಮಗ್ಗಗಳು ಓಡಿದವು.

ತಾವು ನಗುತ್ತಿರಬಹುದು. ನಾವೂ ನಕ್ಕೆವು. ಆದರೆ ಆಗ ಅಕ್ಕ ತವರಿಗೆ ಬಂದದ್ದು ಹಬ್ಬಕ್ಕಲ್ಲ, ಮುಧೋಳದ ಗಂಡನ ಹೊಡೆತ ತಾಳದೆ. ಮನೆ ಬಿಟ್ಟ ಲವಿನವ್ವನ ಗತಿ ಏನಾಯಿತು ನೋಡಿದೆಯಲ್ಲ ಎಂದು ಅದೇ ಜಕ್ಕಪ್ಪ, ನಮ್ಮ ಅಪ್ಪ, ನೆರೆಮನೆಯ ಹೆಂಗಸರು ಒಬ್ಬರಾದ ಮೇಲೊಬ್ಬರು ಬುದ್ಧಿ ಹೇಳಿದರು. ಅಕ್ಕ ತಾನೇ ಟ್ರಂಕು ಎತ್ತಿಕೊಂಡು ಬಸ್ಸು ಹತ್ತಿದಳು. ಗಂಡ ಸಾಯುವ ತನಕ ಅಲ್ಲಿ ಬಾಳಿದಳು. ಬಾಳಿದಳು ಎನ್ನುವುದು ತಮ್ಮಂಥ ಸಭ್ಯರು ಬಳಸುವ ಪದ. ಈಗ ನಮ್ಮ ಮನೆಯಲ್ಲೇ ಇರುವ ಅವಳ ಎಡಗೈ ಇವತ್ತಿಗೂ ತಲೆಯ ಮಟ್ಟಕ್ಕೆ ಏಳುವುದಿಲ್ಲ.

ಈ ವರ್ಷ, ಲೇಖಕರ ಹಸ್ತಪ್ರತಿಯನ್ನು ಹುಡುಕಿ ತಾವು ಕತ್ತರಿಸಿದ್ದನ್ನೆಲ್ಲ ಮರಳಿ ಸೇರಿಸಿದ ಅಖಂಡ ಆವೃತ್ತಿ ಕನ್ನಡಕ್ಕೂ ಬಂದಿದೆ. ಜಮಖಂಡಿಗೆ ಹೋಗಿ ಕೊಂಡು ತಂದೆ. ಮುನ್ನುಡಿಯಲ್ಲಿ ತಮ್ಮ ಪುಣ್ಯಕಾರ್ಯದ ವರ್ಣನೆಯಿದೆ. ಗಂಡನನ್ನು ಬಿಟ್ಟವಳು ಸುಖವಾಗಿದ್ದರೆ ಓದುವ ಹೆಂಗಸರು ಕೆಟ್ಟುಹೋಗುತ್ತಾರೆಂದು ಅರ್ಧ ಕಥೆಯನ್ನೇ ಕಿತ್ತು, ಸಾವಿನ ಆ ಒಂದು ವಾಕ್ಯವನ್ನು ತಾವೇ ಬರೆದು ಅಂಟಿಸಿದಿರಂತೆ. ಜ್ವರ ಬಂದದ್ದು ನಿಜ, ಇಳಿದದ್ದೂ ನಿಜ. ಲವಿನವ್ವ ಎದ್ದು ಗಂಜಿ ಕುಡಿದು, ಸಮುದ್ರ ದಂಡೆಯ ಊರಿಗೆ ಹೋಗಿ, ಟೋಪಿ ಹೊಲಿದು ಮಾರಿ, ಮಗಳನ್ನು ಓದಿಸಿ, ಹಲ್ಲು ಬೀಳುವ ತನಕ ಬದುಕಿದ್ದಾಳೆ. ಓದಿ ಹೇಳಿದವನು ನಾನಿರಬಹುದು, ಕೊಂದವರು ತಾವು.

ನಾವೂ ಕತ್ತರಿ ಹಿಡಿಯುವವರೇ. ಸೀರೆಯ ಸೆರಗು ಕತ್ತರಿಸಿ, ಅಲ್ಲಿ ಚಿಂದಿ ಹಚ್ಚಿ, ಇದೇ ಪೂರ್ತಿ ಸೀರೆ ಎಂದರೆ ಗಿರಾಕಿ ಮುಖದ ಮೇಲೆ ಎಸೆದು ಹೋಗುತ್ತಾನೆ. ತಮ್ಮನ್ನು ಮಾತ್ರ ಇಷ್ಟು ಕಾಲ ಯಾರೂ ಕೇಳಲಿಲ್ಲ. ಆದ್ದರಿಂದ ನನ್ನದೊಂದು ಸಣ್ಣ ಬಿನ್ನಹ. ನನ್ನ ಅಕ್ಕನಿಂದ ತಾವು ಕತ್ತರಿಸಿದ ವರ್ಷಗಳನ್ನೂ ಹೀಗೆಯೇ ಹುಡುಕಿಸಿ, ಗಟ್ಟಿ ರಟ್ಟು ಹಾಕಿಸಿ, ಅಖಂಡವಾಗಿ ಮರಳಿ ಕಳಿಸಬೇಕು. ಮುನ್ನುಡಿ ಇಲ್ಲದಿದ್ದರೂ ನಡೆಯುತ್ತದೆ.

ಇನ್ನೊಂದು ಸುದ್ದಿ ತಮಗೆ ತಿಳಿಸಲೇಬೇಕು. ಅಕ್ಕನ ಮೊಮ್ಮಗಳು ಸ್ನೇಹಾ, ತಾಯಿತಂದೆ ತಿರುಗಿ ಗಂಡನ ಮನೆಗೇ ಕಳಿಸುತ್ತಾರೆಂದು ಹೆದರಿ, ಊದಿದ ಕೆನ್ನೆ ಹೊತ್ತು ಅಜ್ಜಿಯ ಹತ್ತಿರ ಬಂದಿದ್ದಳು. ಹೋದ ವಾರ ಅವಳನ್ನು ಕರೆದೊಯ್ಯಲು ಗಂಡನ ಅಪ್ಪ ಚನಮಲ್ಲಪ್ಪನವರು ಮುಧೋಳದಿಂದ ಬಂದರು. ಕರೆಂಟು ಇರಲಿಲ್ಲ, ಕಟ್ಟೆಯ ಮೇಲೆ ಅಖಂಡ ಆವೃತ್ತಿಯ ಓದು ನಡೆದಿತ್ತು. ಅವರೂ ಕೂತು, ಬೀಗರು ಹೇಳಬೇಕಾದ್ದನ್ನೆಲ್ಲ ಹೇಳಿ, ನಿಮ್ಮ ಓಣಿಯ ಲವಿನವ್ವನ ಗತಿ ನಮ್ಮೂರಿಗೂ ಗೊತ್ತು ಎಂದು ನಕ್ಕರು. ಸ್ನೇಹಾ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಅಕ್ಕ ದನಿ ಏರಿಸಲಿಲ್ಲ. “ಆಕಿ ಸತ್ತಿಲ್ರೀ ಬೀಗರ. ಸತ್ತಾಳಂತ ಸುಳ್ಳ ಹೇಳಿ ಅವತ್ತ ನನ್ನ ಕಳಿಸಿದ್ರು. ಇಕೀನ ನಾ ಕಳಸೂದಿಲ್ಲ.”

ಸ್ನೇಹಾ ಬ್ಯಾಗು ಕೆಳಗಿಟ್ಟು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ನಾನು ನಿಲ್ಲಿಸಿದ ಸಾಲಿನಿಂದ ಮುಂದೆ ಓದತೊಡಗಿದಳು. ಅಷ್ಟರಲ್ಲಿ ಕರೆಂಟು ಬಂತು. ಯಾರೂ ಏಳಲಿಲ್ಲ. ಚನಮಲ್ಲಪ್ಪನವರು ಚಹಾ ಕುಡಿಯದೆ ಹೋದರು. ನಮ್ಮ ಓಣಿಯಲ್ಲಿ ಸತ್ತವರಿಗಲ್ಲದೆ, ಬದುಕಿದವಳೊಬ್ಬಳಿಗಾಗಿ ಮಗ್ಗ ನಿಂತದ್ದು ಅದೇ ಮೊದಲು.

ತಮ್ಮ ಕತ್ತರಿಯೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ತಮ್ಮ ವಿಶ್ವಾಸಿ,
ನೀಲಕಂಠ, ಬನಹಟ್ಟಿ

ತಾ.ಕ.: ತಮ್ಮ ಹಳೆಯ ಆವೃತ್ತಿಯನ್ನು ಬಿಸಾಡಿಲ್ಲ, ಅಲುಗಾಡುತ್ತಿದ್ದ ಮಗ್ಗದ ಕಾಲಿನ ಕೆಳಗೆ ಇಟ್ಟಿದ್ದೇವೆ. ಒಂದಿಷ್ಟು ದಪ್ಪವಾಯಿತೆಂದು ಕೊನೆಯ ಹಾಳೆಯನ್ನು ಮಾತ್ರ ಕತ್ತರಿಸಿ ತೆಗೆದೆವು. ಅದರಿಂದ ಕಥೆಗೆ ಏನೂ ಕುಂದಿಲ್ಲವೆಂದು ತಾವೂ ಒಪ್ಪುವಿರೆಂದು ನಂಬಿದ್ದೇನೆ.