ನಮ್ಮವ್ವನ ಮನಿ ಪಾರ್ಕ್ ಆದದ್ದು

ಊರಿಗೆ ನಕ್ಷೆ ಹಾಕೂ ಕೆಲಸದಾಗ ನಗೂವಂಥಾದ್ದು ಏನಿರತೈತಿ ಅಂತ ನಾನೂ ತಿಳಕೊಂಡಿದ್ದೆ. ಆದ್ರ ನಾ ಎಲ್ಲಿ ಕೈ ಹಾಕ್ತೇನಿ, ಇಂಥಾವು ಅಲ್ಲೇ ಬಂದು ಬಾಜೂಕ ಕುಂದರತಾವ. ನಾ ಕರದಿರಂಗಿಲ್ಲ, ಅವು ಬಿಡಂಗಿಲ್ಲ.

ಊರ ಹೆಸರು ಹೇಳಂಗಿಲ್ಲ, ಇನ್ನೂ ಅಲ್ಲೇ ಬಾಳೇವು ಮಾಡೂದೈತಿ. ಇಳಕಲ್ಲಾಗ ಬಸ್ ಹತ್ತಿ ಒಂದು ಸಣ್ಣ ನಿದ್ದಿ ತಗದ್ರ ನಮ್ಮೂರು ಬರ್ತೈತಿ. ನಿದ್ದಿ ದೊಡ್ಡದಾತಂದ್ರ ಅಮೀನಗಡಕ್ಕ ಇಳದು, ಕರದಂಟು ತಿಂದು, ವಾಪಸ್ ಬರಬೇಕು.

೧. ಅರ್ಧ ಡಿಗ್ರಿ

ಬಾಗಲಕೋಟಿ ಕಾಲೇಜು ನಡಬರಕ ಬಿಟ್ಟು ಮನ್ಯಾಗ ಕುಂತಿದ್ದೆ. ಯಾಕ ಬಿಟ್ಟಿ ಅಂತ ಕೇಳಿದ್ರ, ಕಾಲೇಜಿಗೂ ನನಗೂ ಒಬ್ಬರಿಗೊಬ್ಬರು ಬ್ಯಾಸರಾಗಿತ್ತು, ಅಷ್ಟs.

ಆಗ ನಮ್ಮ ಪಟ್ಟಣ ಪಂಚಾಯ್ತಿಯವ್ರು ಊರಿನ ಮಾಸ್ಟರ್ ಪ್ಲ್ಯಾನ್ ಮಾಡಾಕ ಹೊಂಟಿದ್ರು. ಅಂದ್ರ ಇನ್ನ ಮುಂದ ಊರಾಗ ಮನಿ ಎಲ್ಲಿರಬೇಕು, ಅಂಗಡಿ ಎಲ್ಲಿ, ಕಾರ್ಖಾನಿ ಎಲ್ಲಿ, ಪಾರ್ಕ್ ಎಲ್ಲಿ ಅಂತ ನಕ್ಷೆಗೆ ಬಣ್ಣ ಹಚ್ಚಿ ಠರಾವ್ ಮಾಡೂದು. ಅದಕ್ಕೂ ಮೊದಲ ಈಗ ಎಲ್ಲಿ ಏನೈತಿ ಅಂತ ಮನಿ ಮನಿಗೆ ಹೋಗಿ ಬರಕೋಬೇಕು. ಅದಕ್ಕ ಹುಡುಗರು ಬೇಕಾಗಿದ್ರು. ಬಾಗಲಕೋಟಿಯಿಂದ ಬಂದಿದ್ದ ಯೋಜನಾ ಸಾಹೇಬ್ರು ನನ್ನ ಕೇಳಿದ್ರು:

"ಎಷ್ಟು ಓದೀಪಾ?"

"ಅರ್ಧ ಡಿಗ್ರಿ ಸರ್."

"ಬಣ್ಣ ಗುರ್ತ ಹಿಡೀತಿ?"

"ನೇಕಾರರ ಮನ್ಯಾಗ ಹುಟ್ಟೇನ್ರಿ ಸರ್."

"ಆತು, ನಾಳಿಂದ ಬಾ."

ಬಣ್ಣ ಗುರ್ತ ಹಿಡದ್ರ ನೌಕರಿ ಸಿಗತೈತಿ ಅಂತ ಮೊದಲs ಹೇಳಿದ್ರ ಆ ಅರ್ಧಾನೂ ಓದತಿರ್ಲಿಲ್ಲ.

೨. ಒಂದು ಮನಿ, ಒಂದs ಬಣ್ಣ

ನಿಯಮ ಸರಳ. ಮನಿಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನಿಗೆ ಜಾಂಬಳಿ ಅಂದ್ರ ನೇರಳಿ ಬಣ್ಣ, ಪಾರ್ಕಿಗೆ ಹಸರು. ಒಂದು ಕಟ್ಟಡಕ್ಕ ಒಂದs ಬಣ್ಣ.

ಮೊದಲನೇ ಮನಿಗೆ ಹೋದೆ. ಮುಂದ ಕಿರಾಣಿ ಅಂಗಡಿ, ನಡುವ ಕುಣ್ಯಾಗ ಕಾಲಿಟ್ಟು ನೇಯೂ ಕುಣಿಮಗ್ಗ, ಅದರ ಹಿಂದ ಅಡಗಿಮನಿ, ಹಿತ್ತಲದಾಗ ಎಮ್ಮಿ. ಮನಿ ಯಜಮಾನ ಕಾಕಾಗ ಕೇಳಿದೆ: "ಈ ಕಟ್ಟಡ ಯಾವುದಕ್ಕ ಬಳಸ್ತೀರಿ ಕಾಕಾ?"

"ಮುಂಜಾನೆದ್ದು ಹೇಳ್ಲೋ, ಮಧ್ಯಾಹ್ನದ್ದು ಹೇಳ್ಲೋ?"

ಸಾಹೇಬ್ರಿಗೆ ಫೋನ್ ಹಚ್ಚಿದೆ. "ಯಾವುದು ಹೆಚ್ಚು ಜಾಗ ಹಿಡದೈತಿ ನೋಡು, ಅದರ ಬಣ್ಣ ಹಚ್ಚು" ಅಂದ್ರು. ಅಳದೆ. ಎಮ್ಮಿ ಗೆದ್ದಿತು.

"ಸರ್, ಎಮ್ಮಿಗೆ ನಮ್ಮ ಪಟ್ಟಿಯಾಗ ಬಣ್ಣ ಇಲ್ರಿ."

ಸಾಹೇಬ್ರು ಅತ್ತಾಗ ಪಟ್ಟಿ ತಿರುವಿದ ಸಪ್ಪಳ ಕೇಳಿಸ್ತು. ಆಮ್ಯಾಲ "ವಾಸದ ಮನಿ ಅಂತ ಬರಿ" ಅಂದ್ರು. ಬರದೆ. ಕಾಕಾ ಇಣುಕಿ ನೋಡಿ, "ಖರೆ ಬರದೀ ನೋಡ ತಮ್ಮಾ. ಅದು ಇದ್ದಷ್ಟು ಆರಾಮ ಈ ಮನ್ಯಾಗ ನಾವ್ಯಾರೂ ಇಲ್ಲ" ಅಂದ.

೩. ಖಾಲಿ ಜಾಗ

ಮನಿ ಮನಿಗೆ ತುಂಬೂ ಸರ್ವೇ ಅರ್ಜಿಯ ಕಡೀ ಪ್ರಶ್ನೆ ಹಿಂಗಿತ್ತು: ಬಳಕಿ ಇಲ್ಲದ ಖಾಲಿ ಜಾಗ ಐತೇನು? ಇದ್ರ ಅಳತಿ ಬರೀರಿ.

ಇದನ್ನ ಕೇಳಿದ ಕೂಡ್ಲೇ ಮಂದಿ ಮಾರಿ ಬದಲಾಗತಿತ್ತು. ಖಾಲಿ ಅಂತ ಹೇಳಿದ್ರ ಸರ್ಕಾರ ಬಂದು ಕುಂದರತೈತಿ ಅಂತ ಎಲ್ಲಾರಿಗೂ ಅಂಜಿಕಿ. ಒಬ್ಬ ಗೌಡ್ರು ಬಟಾಬಯಲಾಗ ನಿಂತಿದ್ರು. ಒಂದು ಕಲ್ಲಿಲ್ಲ, ಕಂಬಿಲ್ಲ.

"ಗೌಡ್ರ, ಇದು ಖಾಲಿ ಜಾಗ ಹೌದಲ್ರಿ?"

"ಎಲ್ಲಿ ಖಾಲಿ ಐತೋ? ಇಲ್ಲಿ ನನ್ನ ಮಗಳ ಮದುವಿ ಪೆಂಡಾಲ್ ಹಾಕೂದೈತಿ."

"ಮದುವಿ ಯಾವಾಗ್ರಿ?"

"ಆಕಿ ಈಗ ಸಾಲ್ಯಾಗ ಒಂದನೇತ್ತ."

ಹಿಂಗ ಇಡೀ ಊರು ತಿರುಗಿದೆ. ಊರಾಗ ಒಂದು ಗೇಣು ಖಾಲಿ ಜಾಗ ಸಿಗಲಿಲ್ಲ. ನಮ್ಮ ಓಣಿ ಒಂದು ಉಳೀತು. ಹುಟ್ಟಿ ಬೆಳದ ಓಣಿ, ಇದಕ್ಕೇನು ಕೇಳೂದು ಅಂತ ಬಿಟ್ಟುಬಿಟ್ಟೆ. ಇದು ನೆನಪಿಟ್ಟುಕೊಳ್ರಿ. ನಾ ಇಟ್ಟುಕೊಳ್ಳಲಿಲ್ಲ.

೪. ನೀಟ್ ಕೆಲಸ

ಊರಿನ ನಕ್ಷೆ ಎರಡು ದೊಡ್ಡ ಹಾಳಿ. ಕೂಡಿಸಾಕ ಅನುಕೂಲ ಆಗಲಿ ಅಂತ ಒಂದರ ಅಂಚಿನ್ಯಾಗ ಇದ್ದದ್ದು ಇನ್ನೊಂದರ ಅಂಚಿನ್ಯಾಗೂ ಇರತೈತಿ. ಒಂದರ ಅಂಚು ಕತ್ತರಿಸಿ ಇನ್ನೊಂದರ ಮ್ಯಾಲ ಕುಂದ್ರಸಬೇಕು.

ನಾ ಎರಡರದೂ ಕತ್ತರಿಸಿದೆ. ನೋಡಾಕ ಚಂದ ಕಾಣ್ಲಿ ಅಂತ.

ಸಾಹೇಬ್ರು ನೋಡಿ "ನೀಟ್ ಮಾಡೀಪಾ" ಅಂದ್ರು. ನನ್ನ ಜೀವನದಾಗ ಯಾರರೆ ನನಗ ಹಂಗಂದದ್ದು ಅದs ಮೊದಲು. ಕತ್ತರಿಸಿದ ಎರಡೂ ಪಟ್ಟಿ ಕಸದ ಬುಟ್ಟಿಗೆ ಹೋದ್ವು. ಹಾಳಿ ಬಾಗಲಕೋಟಿಗೆ ಹೋದ್ವು. ಅಲ್ಲಿ ಕಂಪ್ಯೂಟರ್ ಮುಂದ ಕುಂತಾಂವ ಎರಡನ್ನೂ ಅಳತಿ ಪ್ರಕಾರ ಕುಂದ್ರಿಸಿದಾಗ ನಡುವ ಒಂದು ಬಿಳಿ ಪಟ್ಟಿ ಉಳೀತು. ಅಲ್ಲಿಯ ಒಂದು ಮನೀದೂ ಅರ್ಜಿ ಇರಲಿಲ್ಲ. ಊರಿಗೆ ಇಷ್ಟು ಪಾರ್ಕ್ ಇರಬೇಕಂತ ನಿಯಮ ಐತಿ, ಜಾಗ ಎಲ್ಲೂ ಸಿಕ್ಕಿದ್ದಿಲ್ಲ. ಅಂವ ಪಾಪ ಖುಷಿಲೆ ಅದಕ್ಕ ಹಸರು ಹಚ್ಚಿದ.

ಊರಾಗ ಖಾಲಿ ಜಾಗ ಹುಡುಕಿ ಕೊಟ್ಟಾಂವ ನಾ ಒಬ್ಬನs.

೫. ಗೋಡಿ ಮ್ಯಾಲಿನ ಸೀರಿ

ಕರಡು ನಕ್ಷೆ ತಯಾರಾಗಿ ಬಂತು. ಪಂಚಾಯ್ತಿ ಗೋಡಿಗೆ ಹಚ್ಚಿ, ತಕರಾರು ಇದ್ದವ್ರು ಇಂತಿಷ್ಟು ದಿನದಾಗ ಬರದು ಕೊಡ್ರಿ ಅಂತ ಡಂಗುರ ಸಾರಿದ್ರು. ನಮ್ಮ ಊರಾಗ ಅರ್ಧಕ್ಕರ್ಧ ಮಂದಿ ಇಳಕಲ್ ಸೀರಿ ನೇಯೂವ್ರು. ಅವ್ರು ಬಂದು ನಕ್ಷೆ ಮುಂದ ಕೈ ಕಟ್ಟಿ ನಿಂತ್ರು.

"ಹಳದಿ ಭಾಳ ಆತು. ಬಜಾರದಾಗ ಹೋಗಂಗಿಲ್ಲ ಇದು."

"ಅಂಚಿನ ದಡಿ ಸಣ್ಣದೈತಲ್ಲೋ."

"ಅದು ಬೈಪಾಸ್ ರಸ್ತೆರಿ" ಅಂದೆ.

"ಏನರೆ ಇರಲಿ, ಸಣ್ಣದೈತಿ. ಸೆರಗ ಎಲ್ಲಿ ಬರ್ತೈತಿ?"

ಪಂಚಾಯ್ತಿ ಅಧ್ಯಕ್ಷರು ಗಂಭೀರ ಆಗಿ "ಹುನಗುಂದ ರಸ್ತೆ ಕಡೆ" ಅಂದ್ರು.

ಅಷ್ಟರಾಗ ನಮ್ಮವ್ವ ನನ್ನ ಊಟದ ಡಬ್ಬಿ ತಗೊಂಡು ಬಂದ್ಲು. ಅವ್ವಗ ಓದಾಕ ಬರಂಗಿಲ್ಲ. ಆದ್ರ ಸೀರಿ ಮೈಯಿಗೆ ಸೆರಗ ಕೂಡಿಸೂ ಕೊಂಡಿ ಹಾಕೂದ್ರಾಗ ಆಕಿನ್ನ ಮೀರಸೂವ್ರು ಊರಾಗಿಲ್ಲ. ಮೈಯಿನ ಒಂದೊಂದು ಎಳಿಗೂ ಸೆರಗಿನ ಒಂದೊಂದು ಎಳಿ ಕೊಂಡಿ ಮಾಡಿ ಸಿಗಸಬೇಕು. ಒಂದು ತಪ್ಪಿದ್ರ ಸೀರಿ ಕೆಟ್ಟಂಗ. ಅವ್ವ ನಕ್ಷೆ ಮ್ಯಾಲ ಬೆರಳು ಆಡಿಸಿದ್ಲು. ನಡುವ ಬಂದು ನಿಲ್ಲಿಸಿದ್ಲು.

"ಇಲ್ಲಿ ಕೊಂಡಿ ತಪ್ಪೇತಿ."

"ಹಾಂ?"

"ಇತ್ತಾಗಿಂದ ಬಂದ ದಾರಿ ಹಸರಿಗೆ ಬಡದು ನಿಂತಾವ. ಅತ್ತಾಗ ಮತ್ತ ಹುಟ್ಯಾವ. ನಡುವಿಂದು ಎಲ್ಲಿ ಹೋತು? ನಮ್ಮನಿ ತೋರ್ಸು."

ನಾ ಭಾಳ ಧೈರ್ಯಲೆ ನಕ್ಷೆ ಮ್ಯಾಲ ಮಸೀದಿಯಿಂದ ಬೆರಳು ಇಟಗೊಂಡು ಹೊಂಟೆ. ಬೋರ್‌ವೆಲ್ ದಾಟಿದೆ. ಹಿಟ್ಟಿನ ಗಿರಣಿ ದಾಟಿದೆ. ಹಸರಿನ್ಯಾಗ ಹೋಗಿ ನಿಂತೆ.

"ಏನಂತ ಬರದೇತಿ ಅಲ್ಲಿ?"

"ಪಾರ್ಕು, ಯವ್ವಾ."

"ಮಗ್ಗ?"

"ಪಾರ್ಕಿನ್ಯಾಗ."

ಅಧ್ಯಕ್ಷರು ತಿಳಿಸಿ ಹೇಳಿದ್ರು: ಪಂಚಾಯ್ತಿಯವ್ರು ಇದನ್ನ ಹಿಂಗs ಒಪ್ಪಿದ್ರ ಮನಿ ರಿಪೇರಿಗೆ ಪರವಾನಿಗಿ ಸಿಗಂಗಿಲ್ಲ, ಮಗ್ಗಕ್ಕೂ ಸಿಗಂಗಿಲ್ಲ. ಒಂದಿನ ಜಾಗಾನೂ ತಗೋಬಹುದು. ಅಪ್ಪ ಸತ್ತ ಮ್ಯಾಲ ಅವ್ವ ಆ ಕುಣ್ಯಾಗ ಕಾಲಿಟ್ಟು ನೇದು ನನ್ನ ದೊಡ್ಡಾಂವನ್ನ ಮಾಡ್ಯಾಳ. ಆಕಿಗೆ ಬ್ಯಾರೆ ಜಾಗ ಇಲ್ಲ, ಬ್ಯಾರೆ ಕೆಲಸ ಗೊತ್ತಿಲ್ಲ.

ಅವ್ವ ನನ್ನ ಊಟದ ಡಬ್ಬಿ ಎತ್ತಿಕೊಂಡು ವಾಪಸ್ ಹೋದ್ಲು.

೬. ತಕರಾರು

ವಿಚಾರಣಿ ದಿನ ಅವ್ವನs ಮೊದಲು ಬಂದು ಕುಂತಿದ್ಲು. ಬಾಜೂ ಮನಿ ಸಾಲಿ ಹುಡುಗಿ ಕಡೆ ಬರಸಿದ ಅರ್ಜಿ ಕೈಯಾಗ. ನನ್ನ ಕಡೆ ಬರಸಲಿಲ್ಲ, ಹಾಳಿ ಕೆಡಸ್ತಾನ ಅಂತ.

ಸಾಹೇಬ್ರು ಅರ್ಜಿ ಓದಿ, ಕನ್ನಡಕ ತಗದು ಕೇಳಿದ್ರು: "ಸರ್ವೇ ಮಾಡಿದ ಮನಷ್ಯಾ ನಿಮ್ಮನಿಗೆ ಬಂದಿದ್ನೇನ್ರಿ?"

"ದಿನಾ ಬರ್ತಾನ್ರಿ. ಉಂಡು ಹೋಗ್ತಾನ."

"ಯಾರಂತ ಗೊತ್ತೇನು?"

"ಗೊತ್ತಿಲ್ದs ಏನ್ರಿ? ನಾನs ಹಡದೇನಿ."

ಸಾಹೇಬ್ರು ನನ್ನ ನೋಡಿದ್ರು. ನಾ ಫ್ಯಾನ್ ನೋಡಿದೆ. ನಾಳೆ ಸ್ಥಳ ಪರಿಶೀಲನಾ, ಈ ಹುಡುಗನs ಮೊದಲಿಂದ ಸರ್ವೇ ಅರ್ಜಿ ತುಂಬಬೇಕು ಅಂತ ಸಾಹೇಬ್ರು ಬರದ್ರು.

೭. ಸ್ಥಳ ಪರಿಶೀಲನಾ

ಮರುದಿನ ನಾನು, ಸಾಹೇಬ್ರು ನಮ್ಮನಿ ಬಾಗಲಾಗ ನಿಂತ್ವಿ. ನಾ ರೂಢಿ ಪ್ರಕಾರ ಒಳಗ ಹೊಂಟೆ. ಅವ್ವ ತಡದ್ಲು. "ಸರ್ಕಾರದವ್ರು ಹೊರಗ ನಿಂದರ್ರಿ." ಸಾಹೇಬ್ರಿಗೆ ಕುರ್ಚಿ ಹಾಕಿ ಚಾ ಕೊಟ್ಲು. ನನಗ ಹೊಸ್ತಲ ತೋರ್ಸಿದ್ಲು. ನಾ ಅರ್ಜಿ ತಗದೆ.

"ಮನಿ ಯಜಮಾನ್ರು?"

"ನಾನು."

"ಎಷ್ಟು ಮಂದಿ ಇರ್ತೀರಿ?"

"ಉಣ್ಣೂವ್ರು ಇಬ್ರು. ದುಡಿಯೂವ್ರು ಒಬ್ರು."

"ಈ ಕಟ್ಟಡ ಯಾವುದಕ್ಕ ಬಳಸ್ತೀರಿ?"

ಇಲ್ಲಿ ಸಾಹೇಬ್ರs ತೊಡರಿಕೊಂಡ್ರು. ಹಳದಿ ಹಚ್ಚಿದ್ರ ಮಗ್ಗ ತಪ್ಪಾಗತೈತಿ. ಜಾಂಬಳಿ ಹಚ್ಚಿದ್ರ ಮನಗೂದು ತಪ್ಪಾಗತೈತಿ. ಅವ್ವ ಇಬ್ರನ್ನೂ ನೋಡಿ ಹೇಳಿದ್ಲು: "ಹಾಸು ಹಳದಿ ಹಾಕ್ರಿ, ಹೊಕ್ಕು ಜಾಂಬಳಿ ಹಾಕ್ರಿ. ಎರಡೂ ಕಾಣ್ತಾವ. ಇದಕ್ಕೂ ಬಾಗಲಕೋಟಿಗೆ ಹೋಗಿ ಕೇಳಬೇಕೇನ್ರಿ?"

ಸಾಹೇಬ್ರು ಚಾ ಕೆಳಗಿಟ್ರು. ನಿಯಮದ ಪುಸ್ತಕ ತಗದ್ರು. ಮಿಶ್ರ ಬಳಕಿ ಅಂತ ಒಂದೈತಿ, ಎರಡು ಬಣ್ಣದ ಗೆರಿ ಹಾಕಬಹುದು ಅಂತ ಅದರಾಗ ಇತ್ತು. ಇಡೀ ಓಣಿಗೆ ಹಂಗs ಬರದ್ರು. ಓಣಿ ವಾಪಸ್ ಬಂತು. ಪಾರ್ಕ್ ಮಾತ್ರ ಗೌಡ್ರ ಮಗಳ ಪೆಂಡಾಲಿನ ಜಾಗಕ್ಕ ಹೋತು.

ನನಗ ಜೀವ ಬಂದಂಗಾತು. ಅರ್ಜಿ ಮಡಚಾಕ ಹೋದೆ.

"ಕಡೀ ಪ್ರಶ್ನೆ ಕೇಳಪಾ" ಅಂದ್ರು ಸಾಹೇಬ್ರು.

ಕೇಳಿದೆ: "ಈ ಮನ್ಯಾಗ ಬಳಕಿ ಇಲ್ಲದ್ದು ಏನರೆ ಐತೇನ್ರಿ? ಇದ್ರ ಅಳತಿ ಹೇಳ್ರಿ."

ಅವ್ವ ನನ್ನ ಕಾಲಿಂದ ತಲಿ ತನಕ ಒಮ್ಮೆ ನೋಡಿದ್ಲು.

"ಐತಿ. ಐದೂವರಿ ಅಡಿ. ಹೊಸ್ತಲದಾಗ ನಿಂತೈತಿ."

ನಾ ಸಾಹೇಬ್ರ ಮಾರಿ ನೋಡಿದೆ. ಸಾಹೇಬ್ರು "ಬರಕೋ" ಅಂದ್ರು.

ಬರಕೊಂಡೆ. ಮುಂದಿನ ವಾರ ಪಂಚಾಯ್ತಿ ಸಭೆದಾಗ ತಿದ್ದುಪಡಿ ಎಲ್ಲಾ ಗಟ್ಟ್ಯಾಗಿ ಓದಿದ್ರು, ಇದನ್ನೂ ಬಿಡಲಿಲ್ಲ. ಅಧ್ಯಕ್ಷರು "ಯಾರದರೆ ತಕರಾರು ಐತೇನು?" ಅಂತ ಕೇಳಿದ್ರು. ಇರಲಿಲ್ಲ. ಸರ್ವಾನುಮತದಿಂದ ಅಂಗೀಕಾರ ಆತು.