ಕಂಪ್ಯೂಟರಿಗೂ ಎಣ್ಣಿ ಹೊಡೀತಾರೇನ್ರಿ?

ಹುಳ ಕೊಲ್ಲುವ ವಿದ್ಯೆಯಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ! ಮಾನ್ವಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕ್ರಿಮಿನಾಶಕದ ಅಂಗಡಿ ಇಟ್ಟುಕೊಂಡು ಕೂತವನು ನಾನು. ನಮ್ಮ ಕಡೆ ಬೆಳೆಗೆ ಸಿಂಪಡಿಸುವ ಔಷಧಕ್ಕೆ ‘ಎಣ್ಣಿ’ ಅನ್ನುತ್ತಾರೆ. (ನೀವು ಬೇರೆ ಎಣ್ಣೆ ನೆನಪು ಮಾಡಿಕೊಂಡು ಬಾಯಿ ಚಪ್ಪರಿಸಬೇಡಿ!) ಅಂಬರೇಶ ಸಾವುಕಾರ ಎಂಬ ನನ್ನ ಹೆಸರು ಕೇಳಿದರೆ ಸಾಕು, ಸುತ್ತಲಿನ ಭತ್ತದ ಗದ್ದೆಗಳ ಜಿಗಿಹುಳ, ಕೊರೆಹುಳಗಳೆಲ್ಲ ತಾವಾಗಿಯೇ ಕಾಲುವೆಗೆ ಹಾರಿ ಪ್ರಾಣ ಬಿಡುತ್ತವೆ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ. ಇಂಥವನ ಮನೆಯ ಕಂಪ್ಯೂಟರಿಗೆ ವೈರಸ್ ಬರುವುದೆಂದರೇನು! ಕಳೆದ ಗುರುವಾರ ಬೆಳಿಗ್ಗೆ ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಘೋರ ಪ್ರತಿಜ್ಞೆ ಮಾಡಿದೆ: ಈ ದಿನ ನನ್ನ ಹೊಸ್ತಿಲು ದಾಟಿ ಒಂದೇ ಒಂದು ವೈರಸ್ಸೂ ಒಳಗೆ ಬರಕೂಡದು!

ಪ್ರತಿಜ್ಞೆಗೆ ಕಾರಣ ಇತ್ತು. ನನ್ನ ಹೆಂಡತಿ ಚನ್ನಮಲ್ಲಮ್ಮ ಮದುವೆಗಾಗಿ ಅರ್ಧಕ್ಕೆ ಬಿಟ್ಟ ಓದನ್ನು ನಲವತ್ತೊಂದನೇ ವಯಸ್ಸಿನಲ್ಲಿ ಮತ್ತೆ ಹಿಡಿದಿದ್ದಳು. ಅಂಚೆ ಮೂಲಕ ಬಿ.ಎ., ಕೊನೆಯ ವರ್ಷ. ಭತ್ತ ನಾಟಿ ಮಾಡುವ ಹೆಂಗಸರು ಕೆಸರಿನಲ್ಲಿ ನಿಂತು ಹೇಳುವ ಹಾಡುಗಳ ಮೇಲೆ ಪ್ರಾಜೆಕ್ಟು. ಪೋತ್ನಾಳ, ದೇವದುರ್ಗ ಎಂದು ಕೆಂಪು ಬಸ್ಸಿನಲ್ಲಿ ಅಲೆದು ಹಾಡು ಬರೆದುಕೊಂಡು ಬಂದು, ಮೂರು ತಿಂಗಳು ಎರಡೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ನಲವತ್ತೊಂದು ಪುಟ ಮಾಡಿದ್ದಳು. ಅದನ್ನು ಕಳಿಸಲು ಅವತ್ತೇ ಕಡೇ ದಿನ, ಸಂಜೆ ಐದು ಗಂಟೆ ಗಡುವು. ತಪ್ಪಿದರೆ ಇಡೀ ವರ್ಷ ಹೋಯಿತು.

“ಒಂದು ಪೆನ್‌ಡ್ರೈವ್ ತಂದು ಕೊಡ್ರಿ, ಇನ್ನೊಂದು ಕಾಪಿ ಇಟ್ಕೋತೀನಿ” ಎಂದು ತಿಂಗಳ ಹಿಂದೆಯೇ ಕೇಳಿದ್ದಳು. “ನಾ ಇರೂತನಕ ನಿನಗ್ಯಾಕ ಪೆನ್‌ಡ್ರೈವು!” ಎಂದು ಎದೆ ತಟ್ಟಿಕೊಂಡವನು ನಾನೇ.

ಅಂಥ ದಿನವೇ ಬೆಳಿಗ್ಗೆ ಮೊಬೈಲಿಗೆ ಒಂದು ಸಂದೇಶ ಬಂತು. “ಎಚ್ಚರ! ಹಳದಿ ಚಿಟ್ಟೆಯ ಚಿತ್ರ ಬಂದರೆ ತೆರೆಯಬೇಡಿ! ತೆರೆದರೆ ಫೋನಿನಿಂದ ಕಂಪ್ಯೂಟರಿಗೆ ಹಾರಿ ಎಲ್ಲವನ್ನೂ ಸುಡುತ್ತದೆ! ವಿಜ್ಞಾನಿಗಳೇ ಬೆಚ್ಚಿದ್ದಾರೆ! ಇಪ್ಪತ್ತು ಜನರಿಗೆ ಕಳಿಸಿ!” ಇಪ್ಪತ್ತೇಕೆ? ನಾನು ಇನ್ನೂರು ಜನರಿಗೆ ಕಳಿಸಿದೆ! ಕ್ರಿಮಿನಾಶಕ ವ್ಯಾಪಾರಿಗಳ ಗುಂಪು, ಬೀಗರ ಗುಂಪು, ಅಕ್ಕಿ ಗಿರಣಿಯವರ ಗುಂಪು, ಒಂದನ್ನೂ ಬಿಡಲಿಲ್ಲ.

ಹತ್ತು ನಿಮಿಷಕ್ಕೆ ಚನ್ನಮಲ್ಲಮ್ಮ ಅಡುಗೆಮನೆಯಿಂದ ಫೋನು ಹಿಡಿದು ಬಂದಳು.

“ಇದೇನ್ರಿ ಕಳಿಸೀರಿ?”

“ಲೋಕಕಲ್ಯಾಣ!”

“ಇದು ಐದಾರು ವರ್ಷದಿಂದ ತಿರುಗಾಕತ್ತದ. ಮದಲ ಕೆಂಪು ಚಿಟ್ಟಿ ಇತ್ತು, ಈಗ ಹಳದಿ ಆಗ್ಯಾದ. ತಾರೀಖಿಲ್ಲ, ಬರದವರ ಹೆಸರಿಲ್ಲ, ಯಾವ ವಿಜ್ಞಾನಿ ಅಂತಿಲ್ಲ. ಬರೇ ಅಂಜಸೂದು, ಮುಂದ ಕಳಸು ಅನ್ನೂದು. ಇಷ್ಟ ನೋಡಿದ್ರ ತಿಳೀತದ ಇದು ಸುಳ್ಳಂತ.”

“ಸುಳ್ಳಾದ್ರ ಏನು ನಷ್ಟ? ಖರೇ ಇದ್ರ?”

ನಷ್ಟ ಏನೆಂದು ದೇವದುರ್ಗದ ಸತ್ತಾರ್ ಸಾಬ್ ತಿಳಿಸಿದರು. ಅವರೂ ನಮ್ಮಂತೆ ಎಣ್ಣಿ ವ್ಯಾಪಾರಿ. ಮಗಳ ಫೋನಿನಿಂದ ಕರೆ ಮಾಡಿದ್ದರು. “ಅರೆ ಸಾವ್ಕಾರ್! ನಿಮ್ಮ ಮೆಸೇಜ್ ನೋಡಿ ನನ್ನ ಫೋನ್ ಜೋಳದ ಚೀಲದಾಗ ಹುಗದು ಬಿಟ್ಟೀನಿ. ಹದಿನೆಂಟು ಚೀಲ ಇದ್ವು. ಈಗ ಯಾವ ಚೀಲ ಅಂತ ಗೊತ್ತಾಗವಲ್ದು!”

ಅಷ್ಟಕ್ಕೇ ನಾನು ಸುಮ್ಮನಾಗಬೇಕಿತ್ತು. ಆದರೆ ಹಟ ಅನ್ನುವುದು ಒಂದಿದೆಯಲ್ಲ!

ಮಧ್ಯಾಹ್ನ ಊಟವಾದ ಮೇಲೆ ಚನ್ನಮಲ್ಲಮ್ಮ ಅಂಗಡಿಗೆ ಹೊರಟಳು. ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ನಾನು ಮಲಗುವ ಹೊತ್ತಿನಲ್ಲಿ ಗಲ್ಲಾದ ಮೇಲೆ ಅವಳೇ ಕೂರುತ್ತಾಳೆ. “ಕಡೀ ಪುಟ ಒಂದು ಬಾಕಿ ಅದ. ನಾಕಕ್ಕ ಬಂದು ಬರದು ಕಳಿಸ್ತೀನಿ. ಅಲ್ಲೀತನಕ ಕಂಪ್ಯೂಟರ್ ಮುಟ್ಟಬ್ಯಾಡ್ರಿ, ಕೈ ಮುಗೀತೀನಿ” ಅಂದಳು.

“ನಾ ಯಾಕ ಮುಟ್ಟಲಿ!” ಅಂದೆ. ಅವಳು ಬಾಗಿಲು ದಾಟಿದ್ದೇ ತಡ, ಹೋಗಿ ಮುಟ್ಟಿದೆ.

ಉದ್ದೇಶ ಒಳ್ಳೆಯದೇ. ನಲವತ್ತೊಂದು ಪುಟಕ್ಕೆ ಮುಂಜಾಗ್ರತೆಯಾಗಿ ಒಂದು ಲಸಿಕೆ ಹಾಕಿಬಿಡೋಣ ಅಂತ! ಪುಕ್ಕಟೆ ಆಂಟಿವೈರಸ್ ಹುಡುಕಿದೆ. ‘ಮಹಾರಕ್ಷಾ ಕವಚ’ ಎಂಬ ಹೆಸರು ಕಂಡಿತು. ಹೆಸರಿನಲ್ಲೇ ಎಷ್ಟು ಧೈರ್ಯ! ಹಸಿರು ಗುಂಡಿ ಒತ್ತಿದೆ. “ನಿಮ್ಮಲ್ಲಿರುವ ಹಳೆಯ ರಕ್ಷಣೆಯನ್ನು ನಿಲ್ಲಿಸಲೇ?” ಎಂದು ಕೇಳಿತು. ಹೊಸಬ ಬಂದಮೇಲೆ ಹಳಬ ಯಾಕೆ ಎಂದು ಅದಕ್ಕೂ ಹೂಂ ಅಂದೆ.

ಪರದೆ ಕೆಂಪಾಯಿತು. ಸೈರನ್ನು! ಅಂಥಿಂಥ ಸೈರನ್ನಲ್ಲ, ಅಕ್ಕಿ ಗಿರಣಿಗೆ ಬೆಂಕಿ ಬಿದ್ದರೂ ಹಾಗೆ ಕೂಗುವುದಿಲ್ಲ! “ಐದು ಭಯಂಕರ ವೈರಸ್ ಪತ್ತೆ! ಕಂಪ್ಯೂಟರ್ ಆರಿಸಿದರೆ ಕಡತಗಳೆಲ್ಲ ನಾಶ! ಕೂಡಲೇ ಈ ನಂಬರಿಗೆ ಕರೆ ಮಾಡಿ!”

“ಏನ್ರೀ ಅದು ಕೂಗೂದು?” ಅಂಗಡಿಯಿಂದ ಹೆಂಡತಿಯ ಧ್ವನಿ.

“ಏನಿಲ್ಲ, ಕುಕ್ಕರ್!”

“ಕುಕ್ಕರ್ ನಾ ತೊಳದು ದಬ್ಬ ಹಾಕೀನಲ್ರಿ!”

“ಹಂಗಾರ ಬಾಜೂ ಮನೀದಿರಬೇಕು!” ಎಂದು ಸೈರನ್ನಿನ ಧ್ವನಿ ತಗ್ಗಿಸಿ, ಆ ನಂಬರಿಗೆ ಫೋನು ಹಚ್ಚಿದೆ. ಆರಿಸಿದರೆ ನಾಶ ಅಂತಾನೆ. ಆರಿಸದಿದ್ದರೆ ನಾಲ್ಕು ಗಂಟೆಗೆ ಇವಳು ಬಂದು ನೋಡುತ್ತಾಳೆ. ನನ್ನ ಬನಿಯನ್ನು ಬೆವರಿಗೆ ಮೈಗಂಟಿಕೊಂಡಿತು.

ಆ ಕಡೆಯ ಮನುಷ್ಯ ಎಷ್ಟು ಸೌಮ್ಯ ಅಂತೀರಿ! ಬೆಣ್ಣೆ ಹಚ್ಚಿದ ಬೆಂಗಳೂರು ಕನ್ನಡ. “ಸರ್, ನಾನು ಸೀನಿಯರ್ ಇಂಜಿನಿಯರ್. ಭಯ ಪಡಬೇಡಿ, ಸರಿಯಾದ ಟೈಮಿಗೆ ಫೋನ್ ಮಾಡಿದ್ದೀರ. ನಾನು ಹೇಳೋ ಎರಡು ಕೀ ಒಟ್ಟಿಗೆ ಒತ್ತಿ. ಒಂದು ಪಟ್ಟಿ ಬಂತಾ? ಅದರಲ್ಲಿ ಕೆಂಪು ಗುರುತು ಕಾಣ್ತಿದೆಯಾ?”

ಕಂಡವು! ಸಾಲು ಸಾಲಾಗಿ ಕಂಡವು! “ಯಪ್ಪಾ, ಭಾಳ ಅದಾವ್ರಿ!” ಅಂದೆ.

“ಅಯ್ಯೋ ಪಾಪ” ಎಂದು ಆತ ನನಗಾಗಿ ಮರುಗಿದ. “ಒಂದು ನಿಮಿಷ ಹೋಲ್ಡ್ ಮಾಡಿ ಸರ್, ನಮ್ಮ ಮೇಲಧಿಕಾರಿ ಹತ್ತಿರ ನಿಮ್ಮ ಕೇಸ್ ಮಾತಾಡ್ತೀನಿ.” ಫೋನಿನಿಂದ ಸಂಗೀತ ಬರತೊಡಗಿತು. ಧ್ವನಿ ಜೋರು ಮಾಡಿ ಮೇಜಿನ ಮೇಲಿಟ್ಟು, ಬ್ಯಾಂಕಿನ ಕಾರ್ಡು ಹುಡುಕಿ ಕೈಯಲ್ಲಿ ಹಿಡಿದು ಕೂತೆ.

ಅಷ್ಟರಲ್ಲಿ ಪೋತ್ನಾಳದ ತಾಯಣ್ಣ ಒಳಗೆ ಬಂದ. ನನ್ನ ಖಾಯಂ ಗಿರಾಕಿ, ಎರಡೆಕರೆ ಭತ್ತದವನು, ದೇವರಂಥ ಮನುಷ್ಯ. ಕೈಯಲ್ಲಿ ಬೇರುಸಮೇತ ಕಿತ್ತ ಭತ್ತದ ಬುಡ.

“ಸಾವ್ಕಾರ್ರ, ಬುಡದಾಗ ನಾಕ ಜಿಗಿಹುಳ ಕಂಡಾವ್ರಿ. ಅಂಗಡ್ಯಾಗ ಅಕ್ಕಾರು, ನಾಕ ಹುಳಕ್ಕ ಏನಾಗಂಗಿಲ್ಲ, ನೀರ್ ಹೊರಗ ಬಿಟ್ಟು ನಾಕ ದಿನ ಗದ್ದಿ ಆರಸು ಅಂದ್ರು. ನಿಮ್ಮನ್ನೂ ಒಂದ ಮಾತು ಕೇಳಿ ಹೋಗೂಣು ಅಂತ ಬಂದೆ.”

ನನ್ನ ಕಣ್ಣು ಪರದೆಯ ಮೇಲೇ ಇತ್ತು. ಆದರೆ ಬಾಯಿಗೆ ಹತ್ತೊಂಬತ್ತು ವರ್ಷದ ಅಭ್ಯಾಸ, ತಾನಾಗಿಯೇ ಶುರುವಾಯಿತು. “ಲೇ ತಾಯಣ್ಣ, ನಾಕ ಕಣ್ಣಿಗಿ ಕಂಡಾವಂದ್ರ ಒಳಗ ನಾಕ ಸಾವಿರ ಅದಾವಂತ ತಿಳಿ! ಇವತ್ತ ಹೊಡೀಲಿಲ್ಲಂದ್ರ ನಾಳಿ ಗದ್ದಿ ಸುಟ್ಟ ಬೂದಿ ಆಗ್ತದ. ಸಣ್ಣ ಡಬ್ಬಿ ಸಾಲಂಗಿಲ್ಲ, ದೊಡ್ಡದ ತಗೋ. ಅವರನ್ನ ಇವರನ್ನ ಕೇಳ್ಕೋಂತ ಕುಂದರಬ್ಯಾಡ, ಟೈಮ್ ಹೋಗ್ತದ. ನೀ ಅಂತ ಕಡಿಮಿ ಮಾಡಿ ಕೊಡ್ತೀನಿ.”

“ಆತ್ರಿ” ಎಂದು ತಾಯಣ್ಣ ಭಕ್ತಿಯಿಂದ ತಲೆ ಆಡಿಸಿದ. ಆಮೇಲೆ ಕೆಂಪು ಪರದೆ ನೋಡಿ ಬಗ್ಗಿದ. “ಇದಕ್ಕೇನಾಗ್ಯಾದ್ರಿ?”

“ಹುಳ ಬಿದ್ದಾವ.”

“ಹೌದಾ! ಕಂಪ್ಯೂಟರಿಗೂ ಎಣ್ಣಿ ಹೊಡೀತಾರೇನ್ರಿ?”

“ಹೊಡೀತಾರ. ಫೋನಿನ್ಯಾಗ ಹೊಡೀತಾರ. ಸುಮ್ಮನ ನಿಂದ್ರು!”

ಸಂಗೀತ ನಿಂತಿತು. ಇಂಜಿನಿಯರು ಮರಳಿದ. “ಸರ್, ಹೊರಗೆ ಕಂಡಿರೋದು ಐದೇ ವೈರಸ್, ಆದ್ರೆ ಒಳಗೆ ಐದು ಸಾವಿರ ಇರುತ್ತೆ. ಇವತ್ತೇ ಕ್ಲೀನ್ ಮಾಡಿಸ್ಲಿಲ್ಲ ಅಂದ್ರೆ ನಾಳೆ ಎಲ್ಲ ಬೂದಿ. ಒಂದು ವರ್ಷದ ಪ್ಯಾಕ್ ಸಾಲಲ್ಲ, ಲೈಫ್‌ಟೈಮ್ ತಗೊಳ್ಳಿ. ದಯವಿಟ್ಟು ಯಾರನ್ನೂ ಕೇಳ್ತಾ ಕೂತ್ಕೋಬೇಡಿ, ಟೈಮ್ ಹೋಗುತ್ತೆ. ನೀವು ಅಂತ ಕಡಿಮೆ ಮಾಡಿ ಕೊಡ್ತೀನಿ. ಎಲ್ಲಿ, ಕಾರ್ಡ್ ಮೇಲಿನ ಹದಿನಾರು ಅಂಕಿ ಓದಿ.”

ಓದತೊಡಗಿದೆ. ನಾಲ್ಕಾಯಿತು, ಎಂಟಾಯಿತು, ಹನ್ನೆರಡಾಯಿತು. ಆಗ ತಾಯಣ್ಣ ಮುಖ ಅರಳಿಸಿಕೊಂಡು ನನ್ನ ಭುಜ ಹಿಡಿದು ಅಲುಗಿಸಿದ.

“ಸಾವ್ಕಾರ್ರ, ಅಂಜಬ್ಯಾಡ್ರಿ, ತಗೊಂಡ ಬಿಡ್ರಿ! ಭಾಳ ನಂಬಿಗಸ್ತ ಮನಷ್ಯಾ ಅದಾನ. ಥೇಟ್ ನಿಮ್ಮಂಗ ಮಾತಾಡ್ತಾನ!”

ನನ್ನಂಗ!

ಹದಿಮೂರನೇ ಅಂಕಿ ನನ್ನ ಗಂಟಲಲ್ಲೇ ನಿಂತಿತು. ನನ್ನಂಗ ಮಾತಾಡುತ್ತಾನೆ ಅಂದರೆ... ನಾಲ್ಕು ಹುಳ ಎಲ್ಲ ಗದ್ದೆಯಲ್ಲೂ ಇದ್ದೇ ಇರುತ್ತವೆ, ಅದು ನನಗೆ ಗೊತ್ತು. ನಾಳೆ ಬೂದಿಯಾಗುವುದಿಲ್ಲ, ಅದೂ ಗೊತ್ತು. ಯಾರನ್ನೂ ಕೇಳಬೇಡ ಅಂತ ಯಾಕೆ ಅನ್ನುತ್ತೇವೆ ಎಂಬುದು ನನಗಿಂತ ಚೆನ್ನಾಗಿ ಈ ತಾಲೂಕಿನಲ್ಲಿ ಯಾರಿಗೆ ಗೊತ್ತು? ಅಯ್ಯೋ, ನನ್ನಂಗ ಮಾತಾಡುವವನನ್ನು ನಾನೇ ನಂಬಿ ಕೂತಿದ್ದೆನಲ್ಲ!

“ಹಲೋ ಸರ್, ಇನ್ನು ನಾಲ್ಕೇ ಅಂಕಿ...”

“ನಿಮ್ಮಪ್ಪನ ಅಂಕಿ!” ಎಂದು ಫೋನು ಕುಕ್ಕಿದೆ. ಪರದೆಯ ಸೈರನ್ನು ಇನ್ನೂ ಸಣ್ಣಗೆ ಅಳುತ್ತಲೇ ಇತ್ತು. ವೈರಸ್ ತೆಗೆಯುವುದು ನನ್ನಿಂದಾಗುವ ಕೆಲಸವಲ್ಲ. ವೈರ್ ತೆಗೆಯುವುದು ಆಗುತ್ತದಲ್ಲ! ಗೋಡೆಗೆ ಹಾರಿ ಕರೆಂಟಿನ ವೈರನ್ನು ಸರಕ್ಕನೆ ಕಿತ್ತೆ.

ಪರದೆ ಕಪ್ಪಾಯಿತು. ಮನೆ ಗಪ್ಪಾಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಚನ್ನಮಲ್ಲಮ್ಮ.

ಗೋಡೆಯ ಗಡಿಯಾರದಲ್ಲಿ ನಾಲ್ಕು. ನನ್ನ ಕೈಯಲ್ಲಿ ವೈರು. ಬೇರೆ ಕುಕ್ಕರಿನ ಕತೆ ನನಗೆ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದಹಾಗೆ ಒಪ್ಪಿಸಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಸುಮ್ಮನ ನಿಂದರಬ್ಯಾಡ್ರಿ, ಮದಲ ಬ್ಯಾಂಕಿಗಿ ಫೋನ್ ಮಾಡಿ ಕಾರ್ಡ್ ಬಂದ್ ಮಾಡಸ್ರಿ” ಅಂದವಳು ಕುರ್ಚಿಯಲ್ಲಿ ಕೂತು, ವೈರು ಹಚ್ಚಿ, ಗುಂಡಿ ಒತ್ತಿದಳು. ಕಂಪ್ಯೂಟರು ಗೊರ್ರ್ ಎಂದು ಏಳತೊಡಗಿತು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. ಅವಳು ಮೌಸು ಹಿಡಿದು ಆ ಚಕ್ರವನ್ನೇ ನೋಡುತ್ತ ಕೂತಳು. ನಾನು ಬ್ಯಾಂಕಿಗೆ ಫೋನು ಮಾಡಿ ಕಾರ್ಡು ಬಂದ್ ಮಾಡಿಸಿದೆ. ಆ ಪುಟಗಳು ಹೋಗಿದ್ದರೆ ಮುಂದೆ ಯಾವ ಮುಖ ಇಟ್ಟುಕೊಂಡು ಇವಳ ಕೈಯ ರೊಟ್ಟಿ ತಿನ್ನಲಿ?

ಕಡತ ತೆರೆಯಿತು. ಒಂದನೇ ಪುಟ. ಇಪ್ಪತ್ತನೆಯದು. ನಲವತ್ತೊಂದನೆಯದು. ಎಲ್ಲ ಇದ್ದಲ್ಲೇ ಇದ್ದವು!

“ಯವ್ವಾ!” ಎಂದು ಚನ್ನಮಲ್ಲಮ್ಮ ಉಸಿರು ಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ‘ಮಹಾರಕ್ಷಾ ಕವಚ’ವನ್ನು ಕಿತ್ತೆಸೆದಳು. ನಾನು ನಿಲ್ಲಿಸಿದ್ದ ಹಳೆಯ ರಕ್ಷಣೆಯನ್ನು ಮತ್ತೆ ಹಚ್ಚಿ ತಪಾಸಣೆ ಮಾಡಿಸಿದಳು. “ಆ ಕೆಂಪು ಗುರುತು ಎಲ್ಲಾ ಕಂಪ್ಯೂಟರಿನ್ಯಾಗೂ ಇರ್ತಾವ್ರಿ. ಅವು ವೈರಸ್ಸಲ್ಲ, ಏನಲ್ಲ. ಖರೇ ಕಂಪನಿಯವರು ಸೈರನ್ ಹೊಡದು, ನಂಬರ್ ಕೊಟ್ಟು ಫೋನ್ ಮಾಡ್ರಿ ಅನ್ನಂಗಿಲ್ಲ” ಎನ್ನುತ್ತ ಕೊನೆಯ ಪುಟವನ್ನು ಎರಡು ಬೆರಳಿನಲ್ಲಿ ಕುಟ್ಟಿ ಮುಗಿಸಿದಳು. ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಪ್ರಾಜೆಕ್ಟು ಹೊರಟುಹೋಯಿತು. “ಸ್ವೀಕರಿಸಲಾಗಿದೆ” ಎಂದು ಉತ್ತರವೂ ಬಂತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಕುಣಿಯಲು ಅವಳು ಬಿಡಲಿಲ್ಲ. ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದಳು.

“ಒಂದ ಮಾತು ಹೇಳ್ರಿ. ಹನ್ನೆರಡು ಅಂಕಿ ಓದಿದವರು ಹದಿಮೂರಕ್ಕ ಯಾಕ ನಿಂತ್ರಿ? ಆತ ಮೋಸಗಾರ ಅಂತ ಹೆಂಗ ಗೊತ್ತಾತು ನಿಮಗ?”

ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಎಣ್ಣಿ ಡಬ್ಬಿಗೆ ಕಾಯುತ್ತ ತಾಯಣ್ಣ ಇನ್ನೂ ಎದುರಿಗೇ ನಿಂತಿದ್ದ!

“ಅದು... ಹಿಂಗ... ಅನುಭವ” ಅಂದೆ.

“ಯಾತರ ಅನುಭವ?”

ನಾನು ಚಾವಣಿ ನೋಡಿದೆ. ಫ್ಯಾನು ನೋಡಿದೆ. ತಾಯಣ್ಣನನ್ನು ಬಿಟ್ಟು ಎಲ್ಲವನ್ನೂ ನೋಡಿದೆ. ಅವನು ಮಾತ್ರ ನನ್ನನ್ನೇ ನೋಡುತ್ತಿದ್ದ. ಆಮೇಲೆ ಕೈಯಲ್ಲಿದ್ದ ಭತ್ತದ ಬುಡ ನೋಡಿದ. ಮತ್ತೆ ನನ್ನನ್ನು ನೋಡಿದ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಎಣ್ಣಿ ಇರ್ಲಿ ಬಿಡ್ರಿ ಸಾವ್ಕಾರ್ರ” ಅಂದ. “ನೀವು ವೈರ್ ಕಿತ್ತು ನೋಡಿದ್ರಿ. ನಾ ಗದ್ದಿ ನೀರ್ ಕಿತ್ತು ನೋಡ್ತೀನಿ.”

ನಮಸ್ಕಾರ ಮಾಡಿ ಹೋಗಿಯೇಬಿಟ್ಟ. ಅವನ ಚಪ್ಪಲಿ ಸದ್ದು ರಸ್ತೆಗೆ ಇಳಿಯುವತನಕ ನಾನು ವೈರು ನೋಡುತ್ತಲೇ ನಿಂತಿದ್ದೆ. ಚನ್ನಮಲ್ಲಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

“ನಗಬ್ಯಾಡ! ಖಾಯಂ ಗಿರಾಕಿ ಹೋದ!” ಅಂದೆ.

“ಹೋಗ್ಲಿ ಬಿಡ್ರಿ” ಅಂದಳು. “ಹತ್ತೊಂಬತ್ತು ವರ್ಷದಾಗ ಇವತ್ತೊಂದ ದಿನ ನೀವು ಒಬ್ಬ ರೈತಗ ಖರೇ ಸಲಹಾ ಕೊಟ್ಟೀರಿ. ಅದೂ ಬಾಯಿ ಮುಚ್ಚಿಕೊಂಡಿದ್ದಕ್ಕ!”