ಗುಡ್ಡಕ್ಕೆ ಬೆನ್ನು ತೋರಿಸಿ ಹತ್ತುವ ಮಾವ

ಆ ದಿನ ಗುಡ್ಡದಿಂದ ಯಾರು ಯಾರನ್ನು ಇಳಿಸಿಕೊಂಡು ಬಂದರು ಎಂದು ಪ್ರಮಾಣ ಮಾಡಿ ಹೇಳಲು ನನಗೆ ಧೈರ್ಯವಿಲ್ಲ. ನನ್ನ ನೆನಪಿನ ಪ್ರಕಾರ ನಾನೇ ಮಾವನನ್ನು ಇಳಿಸಿದೆ. ಆದರೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ಒಬ್ಬನೇ ಸಾಕ್ಷಿಯನ್ನು, ಅದೂ ಆ ಸಾಕ್ಷಿ ತಾನೇ ಆಗಿರುವಾಗ, ಹೇಗೆ ನಂಬುವುದು? ಒಂದು ಮಾತ್ರ ನಿಜ: ಹಿಂದಕ್ಕೆ ನಡೆಯುತ್ತ ಗುಡ್ಡ ಹತ್ತುವ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ!

ಮಾವನ ಊರು ಸಂಡೂರಿನಾಚೆ, ಬಸ್ಸು ಇಳಿದ ಮೇಲೆ ಒಂದು ತಾಸು ಏರಿದರೆ ಸಿಗುತ್ತದೆ. ಅಲ್ಲಿಗೆ ಚಾರಣಕ್ಕೆ ಬರುವವರನ್ನು ಊರವರೇ ಸೇರಿ ನೋಡಿಕೊಳ್ಳುತ್ತಾರೆ. ಏಜೆಂಟ್ ಇಲ್ಲ, ಬೋರ್ಡಿಲ್ಲ, ಪಾಳಿ ಇದೆ. ಒಂದು ಮನೆಯವರು ರೊಟ್ಟಿ ಬಡಿಯಬೇಕು, ಇನ್ನೊಂದು ಮನೆಯವರು ಗುಡ್ಡದ ತುದಿಯ ಮಂಟಪಕ್ಕೆ ಕುಡಿಯುವ ನೀರು ಹೊರಬೇಕು, ಮತ್ತೊಂದು ಮನೆಯವರು ದಾರಿ ತೋರಿಸಬೇಕು. ಎಲ್ಲಕ್ಕೂ ಪಾಳಿ ಪುಸ್ತಕದಲ್ಲಿ ಸಹಿ. ದಾರಿ ತೋರಿಸುವವನ ಕೈಗೆ ಗೆಜ್ಜೆ ಕಟ್ಟಿದ ಕೋಲು. ತುದಿ ಮುಟ್ಟಿಸದೆ ಜನರನ್ನು ನಡುದಾರಿಯಿಂದ ವಾಪಸ್ ತಂದವನು ಆ ಕೋಲು ಒಪ್ಪಿಸಿ ಹಂಗಾಮು ಮುಗಿಯುವವರೆಗೆ ನೀರು ಹೊರಬೇಕು. ಸೋಮಾರಿಗಳಿಗೆಂದು ಈ ಕಾನೂನು ತಂದವರು ಯಾರು? ಮಾವನೇ! ಅವರ ಕೋಲು ಅದುವರೆಗೆ ಒಮ್ಮೆಯೂ ಕೈಬಿಟ್ಟಿರಲಿಲ್ಲ. ಮಲಗುವಾಗಲೂ ಪಕ್ಕದಲ್ಲಿ ಅದೇ, ಅತ್ತೆ ಅದರಾಚೆ!

“ಹಿಂದಕ್ಕ ಯಾಕ ನಡೀತೀರಿ ಮಾವ?” ಎಂದು ಒಮ್ಮೆ ಕೇಳಿದ್ದೆ.

“ಲೇ ಅಳಿಯಾ, ದಾರಿ ನನಗ ಗೊತ್ತೈತಿ. ಬಂದವರ ಮುಖ ಗೊತ್ತಿಲ್ಲಲ್ಲ!”

ನಾನೂ ಮಾವನ ಜೊತೆ ಗುಡ್ಡಕ್ಕೆ ಹೊರಟ ಆ ದಿನ ಬೆಳಿಗ್ಗೆ ಅತ್ತೆ, “ಎರಡು ರೊಟ್ಟಿ ತಿಂದು ಹೋಗೋ” ಅಂದರು. “ಬ್ಯಾಡ ಅತ್ತಿ, ಹಂಪಿ ಗುಡ್ಡ ಎಲ್ಲಾ ಬರೇ ಹೊಟ್ಟ್ಯಾಗ ಹತ್ತಿದವ ನಾನು” ಅಂದೆ. ನಮ್ಮ ಜೊತೆಗೆ ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರೊಬ್ಬರಿದ್ದರು. ಹತ್ತು ಹೆಜ್ಜೆಗೊಮ್ಮೆ ಅವರದು ಒಂದೇ ಪ್ರಶ್ನೆ.

“ಇನ್ನ ಎಷ್ಟು ದೂರ ಐತ್ರಿ?”

“ನೀವು ಕೇಳೂದು ಬಿಟ್ರ ಭಾಳ ಹತ್ರ ಐತ್ರಿ!” ಅನ್ನುವರು ಮಾವ.

“ಹಿಂದಕ್ಕ ನಡೀತೀರಲ್ಲ, ಬಿದ್ರ?”

“ನಾ ಬಿದ್ರ ನೀವು ನೋಡ್ತೀರಿ. ನೀವು ಬಿದ್ರ ನಾ ನೋಡಬ್ಯಾಡೇನ್ರಿ?”

ಬಿಸಿಲೇರಿತು. ತುದಿಯ ಮಂಟಪ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು. ನನ್ನ ಮುಖವನ್ನೇ ನೋಡುತ್ತಿದ್ದ ಮಾವ ಇದ್ದಕ್ಕಿದ್ದಂತೆ ಕುಸಿದು ಕುಳಿತರು.

“ಅಯ್ಯಯ್ಯಪ್ಪೋ, ಮೊಣಕಾಲು ಹೋತು! ತಿರುಗ್ರಿ ಎಲ್ಲಾರೂ!”

“ನೀವು ಇಲ್ಲೇ ಕುಂದ್ರಿ, ನಾವು ಮುಟ್ಟಿ ಬರ್ತೀವಿ” ಅಂದೆ.

“ಕೋಲಿಲ್ಲದ ಹೋಗಂಗಿಲ್ಲ, ಕಾನೂನು! ಬಾ ಇಲ್ಲಿ, ನನ್ನ ಗಟ್ಟಿ ಹಿಡಕೊ. ನೀ ಬಿಟ್ರ ನಾ ಬೀಳ್ತೀನಿ.”

ಹಿಡಿದುಕೊಂಡೆ. ಗಿಡ ಕಂಡಲ್ಲೆಲ್ಲ ನೋವೆಂದು ಕೂತರು, ನನ್ನನ್ನೂ ಕೂರಿಸಿದರು. “ಮೊಣಕಾಲು ಭಾಳ ನೋಯ್ತೈತಿ, ನೀ ನೀರು ಕುಡಿ” ಅಂದರು. ಅವರ ಮೊಣಕಾಲಿಗೆ ನಾನು ನೀರು ಕುಡಿಯುವುದು ಯಾವ ವೈದ್ಯಶಾಸ್ತ್ರ? ಜಗತ್ತಿನಲ್ಲಿ ಎಲ್ಲವನ್ನೂ ಸಂಶಯಿಸುವ ನಾನು ಇದೊಂದನ್ನು ಸಂಶಯಿಸಲಿಲ್ಲ!

ಆಮೇಲಿನದು ಮಸುಕು. ಕಣ್ಣು ಬಿಟ್ಟಾಗ ಅತ್ತೆಯ ಮನೆಯ ಮಂಚದ ಮೇಲಿದ್ದೆ, ಬಾಯಲ್ಲಿ ಬೆಲ್ಲದ ನೀರಿನ ರುಚಿ. ಹೊರಗೆ ಕಟ್ಟೆಯ ಮೇಲೆ ಮಾವ ಊರವರೆದುರು ಕೋಲು ಒಪ್ಪಿಸುತ್ತಿದ್ದರು. ಗೆಜ್ಜೆ ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು ಕೊಟ್ಟರು. ಹೊರಗೆ ಬಂದ ನಾನು ಏನಂದೆ ಗೊತ್ತೇ? “ವಯಸ್ಸಾತು ಮಾವ, ಇನ್ನ ಸಾಕು ಮಾಡ್ರಿ!” ಮಾವ ನಕ್ಕು, “ಹೌದಪಾ” ಅಂದರು. ಅವರನ್ನು ನಾನು ಹೇಗೆ ಬದುಕಿಸಿದೆನೆಂಬ ಕಥೆಯನ್ನು ಹೊಸಪೇಟೆಯ ಚಹಾದಂಗಡಿಗಳಲ್ಲಿ ಎರಡು ವರ್ಷ ಹೇಳಿದೆ.

ಮೊನ್ನೆ ಬಸ್ ನಿಲ್ದಾಣದಲ್ಲಿ ಆ ಸಾಹುಕಾರರು ಸಿಕ್ಕರು. “ಆರಾಮ್ ಅದೀರೇನ್ರಿ? ಅವತ್ತು ನಿಮ್ಮ ತುಟಿ ಬೆಳ್ಳಗಾಗಿದ್ವು. ಗಿಡಕ್ಕ ನಮಸ್ಕಾರ ಅಂದ್ರಿ! ಅರ್ಧ ದಾರಿ ನಿಮ್ಮ ಮಾವ ನಿಮ್ಮನ್ನ ಬೆನ್ನ ಮ್ಯಾಲ ಹೊತ್ತು ಇಳಿಸಿದ್ರು.”

ನಾನು ನಂಬಲಿಲ್ಲ. ಸಂಡೂರಿನ ಬಸ್ಸು ಹತ್ತಿ, ಗುಡ್ಡ ಏರಿ ಮಾವನನ್ನೇ ಕೇಳಿದೆ, ಈ ಸಲ ರೊಟ್ಟಿ ತಿಂದು!

“ನಿನಗ ‘ಆರಾಮಿಲ್ಲ, ತಿರುಗು’ ಅಂದಿದ್ರ ತಿರುಗ್ತಿದ್ದೇನ್ಲೇ?” ಅಂದರು ಅತ್ತೆ, ಒಲೆಯ ಮುಂದಿನಿಂದ.

“ಸುಮ್ಮನಿರು. ನನಗ ಮೊಣಕಾಲು ಖರೇನ ಹೋಗಿತ್ತು” ಅಂದರು ಮಾವ, ಅತ್ತ ತಿರುಗಿ. ಎದುರಿಗಿರುವವರ ಮುಖ ನೋಡದೆ ಅವರು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾವ ಹೊರಹೋದ ಮೇಲೆ ಪಾಳಿ ಪುಸ್ತಕ ತೆರೆದೆ. ಆ ದಿನದ ಸಾಲು: “ನಡುದಾರಿಯಿಂದ ವಾಪಸ್. ಕಾರಣ, ದಾರಿ ತೋರಿಸುವವನ ಮೊಣಕಾಲು.” ಅದರ ಕೆಳಗೆ ಮರುದಿನ ಬೆಳಗಿನ ಸಾಲು: “ತುದಿಯ ಮಂಟಪಕ್ಕೆ ನೀರು, ಎರಡು ಕೊಡ.” ಎದುರಿಗೆ ಮಾವನ ಸಹಿ.